ಮಗಳ ಆಪ್ಷನ್ ಎಂಟ್ರಿ: ಪಟ್ಟಿಯ ಕೆಳಗಿನ ಸಾಲುಗಳು

ಅರಸೀಕೆರೆಯಲ್ಲಿ ನನ್ನದೊಂದು ಜೆರಾಕ್ಸ್ ಅಂಗಡಿ. ಎರಡು ಕಂಪ್ಯೂಟರ್, ಒಂದು ಪ್ರಿಂಟರ್, ಒಂದು ಲ್ಯಾಮಿನೇಶನ್ ಮಷೀನು. ಪಹಣಿ, ಜಾತಿ ಪ್ರಮಾಣಪತ್ರದ ಅರ್ಜಿ, ಬಸ್ ಪಾಸ್ ವರ್ಷವಿಡೀ ಇದ್ದದ್ದೇ. ಇಂಜಿನಿಯರಿಂಗ್ ಸೇರಲು ಬರೆಯುವ ಸಿಇಟಿಯ ಫಲಿತಾಂಶ ಬಂತು ಅಂದರೆ ಮಾತ್ರ ಅಂಗಡಿ ಮುಂದೆ ಚಪ್ಪಲಿ ಬಿಡಲೂ ಜಾಗ ಇರುವುದಿಲ್ಲ. ಹತ್ತು ವರ್ಷ ಊರಿನವರ ಮಕ್ಕಳಿಗೆ ಆಪ್ಷನ್ ಎಂಟ್ರಿ, ಅಂದರೆ ಬೇಕಾದ ಕಾಲೇಜು, ಬ್ರಾಂಚುಗಳ ಪಟ್ಟಿಯನ್ನು ಕಂಪ್ಯೂಟರಿಗೆ ಏರಿಸುವ ಕೆಲಸ, ಮಾಡಿಕೊಟ್ಟವನು ನಾನು. ನನ್ನ ಮಗಳ ಸರದಿ ಬಂದಾಗ ಒಂದು ವಾರ ನಿದ್ದೆ ಬರಲಿಲ್ಲ.

ಕೌಂಟರ್ ಹಿಂದೆ ಕೂತವನಿಗೆ ಎರಡು ಥರದ ತಪ್ಪು ಕಾಣುತ್ತದೆ. ಒಬ್ಬರು ಮದುವೆ ಕರೆಯೋಲೆಯ ಹಿಂಬದಿಯಲ್ಲಿ ಎಂಟೋ ಹತ್ತೋ ಕಾಲೇಜು ಬರೆದುಕೊಂಡು ಬರುತ್ತಾರೆ. ಎಲ್ಲಾ ಬೆಂಗಳೂರಿನವೇ. ಆರ್‌ವಿ, ಬಿಎಂಎಸ್, ರಾಮಯ್ಯ, ಯುವಿಸಿಇ. ಮಗನ ರ್ಯಾಂಕ್ ನಲವತ್ತು ಸಾವಿರ. "ಸಾಕು ಬಿಡಿ, ಒಂದಾದ್ರೂ ಸಿಗುತ್ತೆ" ಅಂತಾರೆ. ಸೀಟು ಹಂಚಿಕೆಯ ಮೊದಲ ಸುತ್ತು ಮುಗಿದ ಮೇಲೆ ಅದೇ ಕರೆಯೋಲೆ ಹಿಡಿದು ಮುಖ ಸಣ್ಣ ಮಾಡಿಕೊಂಡು ವಾಪಸ್ ಬರುತ್ತಾರೆ. ಇನ್ನೊಬ್ಬರು ಹೆದರಿಕೆಯವರು. ಸಿಕ್ಕೇ ಸಿಗುವ ಕಾಲೇಜನ್ನು ಒಂದನೇ ಸಾಲಿನಲ್ಲೇ ಬರೆಸುತ್ತಾರೆ, ಕೈತಪ್ಪಿ ಹೋದರೆ ಅಂತ. ಅದು ಸಿಗುತ್ತದೆ, ಅದೇ ತೊಂದರೆ. ಅದಕ್ಕಿಂತ ಒಳ್ಳೆಯದು ಅದೇ ರ್ಯಾಂಕಿಗೆ ಸಿಗುತ್ತಿತ್ತು ಅಂತ ಆಮೇಲೆ ಪಕ್ಕದ ಮನೆಯವರಿಂದ ಗೊತ್ತಾಗುತ್ತದೆ.

ಸೀಟು ಹಂಚುವ ಕಂಪ್ಯೂಟರ್ ಮಾಡುವುದು ಇಷ್ಟೇ. ಮೊದಲ ರ್ಯಾಂಕಿನಿಂದ ಶುರು ಮಾಡಿ ಒಬ್ಬೊಬ್ಬರ ಪಟ್ಟಿಯನ್ನು ಮೇಲಿನಿಂದ ಕೆಳಕ್ಕೆ ನೋಡಿಕೊಂಡು ಬರುತ್ತದೆ. ಖಾಲಿ ಇರುವ ಮೊದಲನೆಯದನ್ನು ಕೊಡುತ್ತದೆ. ಮೇಲೆ ದೊಡ್ಡ ಹೆಸರು ಬರೆದರೆ ಕೆಳಗಿನ ಸೀಟೇನೂ ಜಾರಿ ಹೋಗುವುದಿಲ್ಲ. ಹಾಗಾಗಿ ಇಷ್ಟದ ಕ್ರಮದಲ್ಲೇ ಬರೆಯಬೇಕು. ಇದನ್ನು ಎಷ್ಟು ಸಲ ಹೇಳಿದ್ದೇನೋ ಲೆಕ್ಕವಿಲ್ಲ, ಅರ್ಧ ಜನ ಈಗಲೂ ನಂಬುವುದಿಲ್ಲ.

ಮಗಳಿಗೆ ಬಂದ ರ್ಯಾಂಕ್ ಇಪ್ಪತ್ನಾಲ್ಕು ಸಾವಿರದ ಚಿಲ್ಲರೆ. ಪಿಯು ಅಂಕ ಅರ್ಧ, ಸಿಇಟಿ ಅಂಕ ಅರ್ಧ ಸೇರಿಸಿ ಕೊಡುವ ರ್ಯಾಂಕ್ ಅದು. ಪಿಯುನಲ್ಲಿ ಚೆನ್ನಾಗಿ ತೆಗೆದಿದ್ದಳು, ಸಿಇಟಿಯ ಫಿಸಿಕ್ಸ್ ಕೈಕೊಟ್ಟಿತ್ತು. ಮೀಸಲಾತಿಯಲ್ಲಿ ನಾವು 2ಎ ವರ್ಗ. ಅವಳು ಒಂದರಿಂದ ಹತ್ತರವರೆಗೆ ಕನ್ನಡ ಮಾಧ್ಯಮ.

ಒಂದು ಇನ್ನೂರು ಪುಟದ ನೋಟ್‌ಬುಕ್ ತಂದೆ. ಹಿಂದಿನ ಮೂರು ವರ್ಷದ ಕಟಾಫ್ ಪಟ್ಟಿ, ಅಂದರೆ ಯಾವ ಸೀಟು ಎಷ್ಟನೇ ರ್ಯಾಂಕಿನವರೆಗೆ ಹೋಗಿತ್ತು ಅನ್ನುವುದು, ಪ್ರಿಂಟ್ ಹಾಕಿದೆ. ಸ್ವಂತ ಅಂಗಡಿ ಇದ್ದದ್ದಕ್ಕೆ ಅದೊಂದು ಲಾಭ. ಕಾಲೇಜುಗಳನ್ನು ಮೂರು ಗುಂಪು ಮಾಡಿಕೊಂಡೆವು. ಹೆಸರಿಟ್ಟವಳು ಮಗಳೇ: ಆಸೆ, ಅಳತೆ, ಆಸರೆ. ನಮ್ಮ ರ್ಯಾಂಕಿಗೆ ಸಿಗದ, ಆದರೂ ಮನಸ್ಸು ಕೇಳದ ಕಾಲೇಜು ಆಸೆ. ಮೂರು ವರ್ಷದ ಕಟಾಫ್ ನಮ್ಮ ರ್ಯಾಂಕಿನ ಆಚೀಚೆ ಓಡಾಡಿದ್ದರೆ ಅದು ಅಳತೆ, ನೀಲಿ ಪೆನ್ನು. ಮೂರೂ ವರ್ಷ ನಮ್ಮ ರ್ಯಾಂಕನ್ನು ದಾಟಿ ಎಷ್ಟೋ ದೂರ ಹೋಗಿ ನಿಂತಿದ್ದರೆ ಆಸರೆ, ಹಸಿರು ಪೆನ್ನು.

ಇಲ್ಲೊಂದು ಎಡವಟ್ಟು ಮಾಡಿದೆ. ಮೊದಲ ದಿನ ನಾನು ಬರೆದುಕೊಂಡದ್ದು ಕೊನೆಯ ಸುತ್ತಿನ ಕಟಾಫ್. ಎಲ್ಲವೂ ಕೈಗೆ ಸಿಗುವ ಹಾಗೆ ಕಂಡಿತು, ಖುಷಿಯೋ ಖುಷಿ. ರಾತ್ರಿ ಹತ್ತೂವರೆಗೆ ಹೊಳೆಯಿತು. ಕೊನೆಯ ಸುತ್ತಿನ ಹೊತ್ತಿಗೆ ಮೆಡಿಕಲ್ ಸಿಕ್ಕವರು ಬಿಟ್ಟಿರುತ್ತಾರೆ, ಎನ್‌ಐಟಿಗೆ ಹೋದವರು ಬಿಟ್ಟಿರುತ್ತಾರೆ. ಕಟಾಫ್ ಸಂಖ್ಯೆ ಸಹಜವಾಗಿ ಮುಂದಕ್ಕೆ ಹೋಗಿರುತ್ತದೆ. ಆಸರೆ ಅಂತ ಕರೆಯುವ ಕಾಲೇಜು ಮೊದಲ ಸುತ್ತಿನಲ್ಲೇ ಸಿಗುವಂತಿರಬೇಕು. ಮೂರು ವರ್ಷದಲ್ಲಿ ಯಾವ ವರ್ಷ ತೀರಾ ಬಿಗಿಯಾಗಿತ್ತೋ ಆ ಮೊದಲ ಸುತ್ತಿನ ಅಂಕಿಯನ್ನೇ ಹಿಡಿದು ಮತ್ತೆ ಬರೆದೆ. ಹಸಿರು ಪೆನ್ನಲ್ಲಿ ಬರೆದಿದ್ದ ಎಂಟು ಕಾಲೇಜು ನೀಲಿಗೆ ಬಂದವು.

ಕನ್ನಡ ಮಾಧ್ಯಮದ ಕಾಲಂ ಇನ್ನೊಂದು ಮಾಯೆ. 2ಎಜಿ (2ಎ ಸಾಮಾನ್ಯ) ಕಾಲಂನಲ್ಲಿ ಇಪ್ಪತ್ತು ಸಾವಿರ ಇದ್ದರೆ 2ಎಕೆ (2ಎ ಕನ್ನಡ ಮಾಧ್ಯಮ) ಕಾಲಂನಲ್ಲಿ ಮೂವತ್ತೈದು ಸಾವಿರ ಕಂಡು ಬಾಯಲ್ಲಿ ನೀರೂರುತ್ತದೆ. ಮುಂದಿನ ವರ್ಷದ ಹಾಳೆ ತೆಗೆದರೆ ಅಲ್ಲಿ ಬರೀ ಗೆರೆ. ಯಾಕೆ ಅಂತ ಲೆಕ್ಕ ಹಾಕಿ. ಖಾಸಗಿ ಕಾಲೇಜಿನ 60 ಸೀಟಿನ ಬ್ರಾಂಚ್‌ನಲ್ಲಿ ಸಿಇಟಿಗೆ ಬರುವುದು 45%, ಅಂದರೆ 27. ಉಳಿದದ್ದು ಕಾಮೆಡ್‌ಕೆ (ಖಾಸಗಿ ಕಾಲೇಜುಗಳದೇ ಪ್ರವೇಶ ಪರೀಕ್ಷೆ), ಮ್ಯಾನೇಜ್‌ಮೆಂಟ್ ಪಾಲು. ಆ 27ರಲ್ಲಿ 2ಎಗೆ 15%, ನಾಲ್ಕು ಸೀಟು. ಕನ್ನಡ ಮಾಧ್ಯಮಕ್ಕೆ 5%, ಅದೂ ಎಲ್ಲಾ ವರ್ಗ ಸೇರಿ. ಇಡೀ ಬ್ರಾಂಚಿಗೆ ಒಂದೇ ಸೀಟು ಬಿತ್ತು. ಅದು ಈ ವರ್ಷ 2ಎಗೆ ಬಂದರೆ ಬಂತು. ಪ್ರಮಾಣಪತ್ರಕ್ಕೆ ಬಿಇಒ ಸಹಿ ಹಾಕಿಸಿ ಇಟ್ಟುಕೊಂಡೆವು, ಸಿಕ್ಕರೆ ಬಂಪರ್. ಆದರೆ ಹಸಿರು ಪೆನ್ನಿಗೆ ಆ ಕಾಲಂ ಮುಟ್ಟಿಸಲಿಲ್ಲ.

ಕಾಲೇಜು ನೋಡುವುದಕ್ಕೆ ನಮ್ಮೂರಿನ ಜಂಕ್ಷನ್ ದೊಡ್ಡ ವರ. ರೈಲು ಹತ್ತಿದರೆ ಈ ಕಡೆ ತುಮಕೂರು, ಆ ಕಡೆ ದಾವಣಗೆರೆ, ಬೀರೂರಲ್ಲಿ ತಿರುಗಿದರೆ ಶಿವಮೊಗ್ಗ, ಇನ್ನೊಂದು ಲೈನಲ್ಲಿ ಹಾಸನ, ಮೈಸೂರು. ಜನ ಸಾಮಾನ್ಯವಾಗಿ ಆಸೆಯ ಕಾಲೇಜಿಗೆ ಹೋಗಿ ಗೇಟಿನ ಮುಂದೆ ಫೋಟೋ ತೆಗೆಸಿಕೊಂಡು ಬರುತ್ತಾರೆ. ನಾವು ಅಲ್ಲಿಗೆ ಹೋಗಲೇ ಇಲ್ಲ. ಆರ್‌ವಿ ಸಿಕ್ಕರೆ ಯಾರಾದರೂ ಬೇಡ ಅಂತಾರಾ? ಆಸರೆಯ ಕಾಲೇಜುಗಳನ್ನೇ ಹುಡುಕಿಕೊಂಡು ಹೋದೆವು. ನಾಲ್ಕು ವರ್ಷ ಇರಬೇಕಾದೀತು ಅಂತ ಅಂದುಕೊಂಡು ನೋಡಬೇಕಾದದ್ದು ಅವನ್ನೇ ಅಲ್ವಾ?

ಒಂದು ಕಾಲೇಜಿನಲ್ಲಿ ಸ್ವಾಗತ ಕೌಂಟರಿನವರು ರ್ಯಾಂಕ್ ಕೇಳುವ ಮೊದಲೇ ಮ್ಯಾನೇಜ್‌ಮೆಂಟ್ ಸೀಟಿನ ರೇಟು ಹೇಳಿದರು. ಲ್ಯಾಬ್ ತೋರಿಸಿ ಅಂದೆ. ಬೀಗದ ಕೈ ಹುಡುಕಲು ಇಪ್ಪತ್ತು ನಿಮಿಷ. ಒಳಗೆ ಆಸಿಲೋಸ್ಕೋಪ್‌ಗಳಿಗೆಲ್ಲ ಪ್ಲಾಸ್ಟಿಕ್ ಕವರ್ ಹಾಕಿತ್ತು. ಮಗಳು ಒಂದರ ಮೇಲೆ ಬೆರಳು ಎಳೆದು ನನ್ನ ಕಡೆ ತೋರಿಸಿದಳು, ಬೆರಳ ತುದಿ ಬೂದಿ ಬಣ್ಣ. ವಾಪಸ್ ಬರುವ ದಾರಿಯಲ್ಲೇ ಅದಕ್ಕೆ ಗೆರೆ ಎಳೆದೆವು. ಹಾಸನದ ಸರ್ಕಾರಿ ಇಂಜಿನಿಯರಿಂಗ್ ಕಾಲೇಜಿನಲ್ಲಿ ಥಳಕು ಇರಲಿಲ್ಲ. ಆದರೆ ಕ್ಯಾಂಟೀನ್ ಹತ್ತಿರ ಸಿಕ್ಕ ಇಸಿಯ (ಎಲೆಕ್ಟ್ರಾನಿಕ್ಸ್ ಬ್ರಾಂಚಿನ) ಹುಡುಗಿಯರು ಮೇಷ್ಟ್ರುಗಳ ಬಗ್ಗೆ ಮುಚ್ಚುಮರೆ ಇಲ್ಲದೆ ಮಾತಾಡಿದರು. ಯಾರು ಚೆನ್ನಾಗಿ ಪಾಠ ಮಾಡುತ್ತಾರೆ, ಯಾವ ವಿಷಯಕ್ಕೆ ಹೊರಗೆ ಓದಿಕೊಳ್ಳಬೇಕು, ಎಲ್ಲಾ. ಶುಲ್ಕವೂ ಖಾಸಗಿಯ ಹೆಚ್ಚುಕಡಿಮೆ ಅರ್ಧ. "ಅಪ್ಪ, ಇಲ್ಲಿ ಸಿಕ್ಕರೆ ಬೇಜಾರಿಲ್ಲ" ಅಂದಳು. ನನಗೆ ಬೇಕಿದ್ದದ್ದು ಆ ಮಾತೇ. ಅದನ್ನು ಹಸಿರು ಪೆನ್ನಲ್ಲಿ ಬರೆದೆ.

ಹೀಗೆ ನಲವತ್ತಾರು ಆಪ್ಷನ್ ಆದವು. ಮೇಲೆ ಆಸೆಯವು ಹತ್ತು. ಮಧ್ಯದಲ್ಲಿ ತುಮಕೂರಿನ ಎಸ್‌ಐಟಿ, ಹಾಸನದ ಮಲ್ನಾಡ್, ದಾವಣಗೆರೆಯ ಬಿಐಇಟಿ, ಶಿವಮೊಗ್ಗದ ಜೆಎನ್‌ಎನ್‌ಸಿಇ, ಒಂದೊಂದರಲ್ಲೂ ಸಿಎಸ್ (ಕಂಪ್ಯೂಟರ್ ಸೈನ್ಸ್), ಐಎಸ್ (ಇನ್ಫರ್ಮೇಷನ್ ಸೈನ್ಸ್), ಇಸಿ, ಇಂಥ ಅಳತೆಯವು ಇಪ್ಪತ್ಮೂರು. ಕೊನೆಗೆ ಆಸರೆಯ ಹದಿಮೂರು. ಒಂದು ಬುದ್ಧಿವಂತಿಕೆಯ ಮಾತು ಇಲ್ಲೇ ಹೇಳಿಬಿಡುತ್ತೇನೆ, ಅಂಗಡಿಯವನೇ ಹೇಳುತ್ತಿರುವುದು: ಪಾಸ್‌ವರ್ಡ್ ಅನ್ನು ಯಾವ ಜೆರಾಕ್ಸ್ ಅಂಗಡಿಯಲ್ಲೂ ಬಿಟ್ಟು ಬರಬೇಡಿ. ನನ್ನ ಡ್ರಾಯರ್‌ನಲ್ಲಿ ಈಗಲೂ ಯಾರ್ಯಾರದೋ ಚೀಟಿಗಳಿವೆ.

ಇಷ್ಟೆಲ್ಲಾ ಮಾಡಿಯೂ ಮಾಕ್ ಅಲಾಟ್‌ಮೆಂಟ್, ಅಂದರೆ ಅಣಕು ಸೀಟು ಹಂಚಿಕೆಯ ದಿನ ಸ್ಕ್ರೀನ್ ಮೇಲೆ ಬಂದದ್ದು ಬೆಂಗಳೂರಿನ ಒಂದು ದೊಡ್ಡ ಹೆಸರಿನ ಕಾಲೇಜಿನ ಸಿವಿಲ್. ಹತ್ತನೇ ಆಪ್ಷನ್. ನನ್ನ ಭಾವ "ಕಾಲೇಜಿನ ಹೆಸರು ಮುಖ್ಯ, ಬ್ರಾಂಚ್ ಆಮೇಲೆ ನೋಡ್ಕೊಂಡ್ರಾಯ್ತು" ಅಂದಿದ್ದರು. ಹೇಗಿದ್ದರೂ ಸಿಗಲ್ಲ ಅಂತ ಸುಮ್ನೆ ಹಾಕಿದ್ದೆ. ಸಿವಿಲ್ ಕಟಾಫ್ ಸಿಎಸ್‌ಗಿಂತ ಎಷ್ಟೋ ಮುಂದಕ್ಕೆ ಹೋಗುತ್ತದೆ ಅಂತ ನೂರಾರು ಜನಕ್ಕೆ ಹೇಳಿದವನು ಸ್ವಂತ ಮನೆಯಲ್ಲಿ ಮರೆತಿದ್ದೆ. ಮಗಳು ಏನೂ ಅನ್ನಲಿಲ್ಲ. ಕುರ್ಚಿ ತಿರುಗಿಸಿಕೊಂಡು ಲ್ಯಾಮಿನೇಶನ್ ಮಷೀನಿನ ಕಡೆ ನೋಡುತ್ತಾ ಕೂತಳು. ಆಸೆಯ ಗುಂಪಿನಲ್ಲಿ ಇದ್ದ ಆ ಸಾಲು ಅವಳ ಆಸೆ ಆಗಿರಲೇ ಇಲ್ಲ.

ಪುಣ್ಯಕ್ಕೆ ಅದು ಮಾಕ್. ಆಪ್ಷನ್ ಬದಲಿಸಲು ಮತ್ತೆ ಅವಕಾಶ ಇತ್ತು. ಆ ಸಂಜೆ ಶಟರ್ ಅರ್ಧ ಎಳೆದು ಒಂದೊಂದೇ ಸಾಲು ಓದಿದೆ. "ಇದೊಂದೇ ಸಿಕ್ಕರೆ ನಾಳೆ ಗಂಟುಮೂಟೆ ಕಟ್ಟುತ್ತೀಯಾ?" ಹೌದು ಅಂದರೆ ಉಳಿಸಿದೆ, ತಡವರಿಸಿದರೆ ತೆಗೆದೆ. ನಲವತ್ತಾರು ಮೂವತ್ತನಾಲ್ಕಾಯಿತು. ಹೋದದ್ದರಲ್ಲಿ ಜಾಸ್ತಿ ನನ್ನವು, ಒಂದೆರಡು ಭಾವನವು.

ಮೊದಲ ಸುತ್ತಿನಲ್ಲಿ ಮಲ್ನಾಡ್ ಕಾಲೇಜಿನ ಇಸಿ ಬಂತು. ನೀಲಿ ಪೆನ್ನಿನದು. ಈಗ ಚಾಯ್ಸ್ ಕೊಡಬೇಕು. ಒಂದು ಅಂದರೆ ಒಪ್ಪಿ ದುಡ್ಡು ಕಟ್ಟಿ ಸೇರುವುದು. ಎರಡು ಅಂದರೆ ಇದನ್ನು ಕೈಯಲ್ಲಿ ಹಿಡಿದುಕೊಂಡು ಮೇಲಿನದಕ್ಕೆ ಕಾಯುವುದು. ಮೂರು ಅಂದರೆ ಇದನ್ನು ಬಿಟ್ಟು ಕಾಯುವುದು. ನಾಲ್ಕು ಅಂದರೆ ಆಟದಿಂದಲೇ ಹೊರಗೆ. ನನ್ನ ಮನಸ್ಸು ಎರಡರ ಕಡೆ ಇತ್ತು, ತುಮಕೂರಿನ ಐಎಸ್ ಸಿಕ್ಕೀತು ಅಂತ. ಆದರೆ ಚಾಯ್ಸ್ ಎರಡಕ್ಕೆ ಮೇಲಿನದು ಬಂದರೆ ಕೆಳಗಿನದು ತಾನಾಗಿಯೇ ಹೋಗುತ್ತದೆ, ಆಮೇಲೆ ಇದೇ ಬೇಕು ಅನ್ನುವ ಹಾಗಿಲ್ಲ. ಮಗಳು ನೋಟ್‌ಬುಕ್ ತೆಗೆದು ತನ್ನ ಅಕ್ಷರದಲ್ಲಿ ಬರೆದಿದ್ದ ಒಂದು ಸಾಲು ತೋರಿಸಿದಳು: ಇಸಿ, ಹಾಸನ, ವಾರಕ್ಕೊಮ್ಮೆ ಮನೆ. ಚಾಯ್ಸ್ ಒಂದು ಒತ್ತಿದ್ದು ಅವಳೇ.

ಈಗ ಐದನೇ ಸೆಮಿಸ್ಟರ್. ಶನಿವಾರ ಸಂಜೆ ಬಟ್ಟೆಯ ಬ್ಯಾಗ್ ಹೊತ್ತು ಬರುತ್ತಾಳೆ. ನೋಟ್‌ಬುಕ್ ಅಂಗಡಿಯಲ್ಲೇ ಇದೆ. ಕೇಳಿದವರಿಗೆಲ್ಲ ಕೊಟ್ಟು ಕೊಟ್ಟು ರಟ್ಟು ಕಿತ್ತು ಹೋಗಿದೆ. ಹೋದ ವರ್ಷ ಬಾಣಾವರದಿಂದ ಬಂದ ಒಬ್ಬರು ಹಸಿರು ಪೆನ್ನಿನ ಪುಟಗಳನ್ನಷ್ಟೇ ಜೆರಾಕ್ಸ್ ಮಾಡಿಸಿಕೊಂಡು ಹೋದರು. ದುಡ್ಡು ತಗೊಳ್ಳಲಿಲ್ಲ.