ಗೆಳೆಯರ ಜೊತೆ ಹೋಟೆಲ್ ಇಡುವ ಮುನ್ನ: ಪಾಲುದಾರಿಕೆ ಪತ್ರ ಬರೆಯುವ ಬಗೆ

ಗೆಳೆಯರಿಬ್ಬರು ಸೇರಿ ದರ್ಶಿನಿ ಹೋಟೆಲ್ ತೆರೆಯುತ್ತಾರೆ ಎಂದುಕೊಳ್ಳಿ. ಒಬ್ಬರು 15 ಲಕ್ಷ ರೂಪಾಯಿ ಹಾಕಿದರು. ಇನ್ನೊಬ್ಬರು 3 ಲಕ್ಷ ಹಾಕಿ, ದಿನಾ ಬೆಳಗಿನ 5 ಗಂಟೆಗೆ ಬಂದು ಒಲೆ ಹಚ್ಚುವ ಹೊಣೆ ಹೊತ್ತರು. ಲಾಭ ಅರ್ಧರ್ಧ ಎಂದು ಬಾಯಿಮಾತಿನಲ್ಲೇ ಒಪ್ಪಿದರು. ವರ್ಷ ತುಂಬುವಷ್ಟರಲ್ಲಿ ದುಡ್ಡು ಹಾಕಿದವರಿಗೆ ‘ಬ್ಯಾಂಕಿನಲ್ಲಿಟ್ಟಿದ್ದರೆ ಬಡ್ಡಿಯಾದರೂ ಬರುತ್ತಿತ್ತು’ ಅನ್ನಿಸುತ್ತದೆ. ದುಡಿದವರಿಗೆ ‘ಮೈಮುರಿದು ದುಡಿಯೋದು ನಾನು, ಪಾಲು ಮಾತ್ರ ಸಮ’ ಅನ್ನಿಸುತ್ತದೆ. ಇಬ್ಬರದ್ದೂ ನ್ಯಾಯವಾದ ಮಾತೇ. ಹಣ, ದುಡಿಮೆ, ನಷ್ಟದ ಹೊಣೆ ಮೂರನ್ನೂ ‘ಅರ್ಧರ್ಧ’ ಎಂಬ ಒಂದೇ ಮಾತಿನಲ್ಲಿ ಕಟ್ಟಿದ್ದೇ ಎಡವಟ್ಟು.

ನೀವು ಏನನ್ನೂ ಗೊತ್ತುಮಾಡಿಕೊಳ್ಳದಿದ್ದರೆ 1932ರ ಭಾರತೀಯ ಪಾಲುದಾರಿಕೆ ಕಾಯ್ದೆಯ 13ನೇ ಸೆಕ್ಷನ್ ಅನ್ವಯವಾಗುತ್ತದೆ. ಅದರಂತೆ ಲಾಭ-ನಷ್ಟ ಸಮಪಾಲು, ದುಡಿದದ್ದಕ್ಕೆ ಸಂಬಳವಿಲ್ಲ, ಬಂಡವಾಳಕ್ಕೆ ಬಡ್ಡಿಯಿಲ್ಲ. ಬಂಡವಾಳ ಮೀರಿ ಕೊಟ್ಟ ಮುಂಗಡಕ್ಕೆ ಮಾತ್ರ ವರ್ಷಕ್ಕೆ ಶೇ. 6ರ ಬಡ್ಡಿ.

ಆದ್ದರಿಂದ ಮೂರಕ್ಕೂ ಬೇರೆಬೇರೆ ಬೆಲೆ ಕಟ್ಟಿ. ಹಾಕಿದ ಹಣಕ್ಕೆ ಶೇ. 12 ಬಡ್ಡಿ, ದುಡಿಯುವವರಿಗೆ ತಿಂಗಳಿಗೆ 30,000 ಸಂಬಳ, ಉಳಿದ ಲಾಭ ಸಮಪಾಲು ಎಂದಿಟ್ಟುಕೊಳ್ಳೋಣ. ಇವೆಲ್ಲಕ್ಕೂ ಮುಂಚೆ ವರ್ಷಕ್ಕೆ 12 ಲಕ್ಷ ಉಳಿದರೆ, ಬಡ್ಡಿ 1.80 ಮತ್ತು 0.36 ಲಕ್ಷ, ಸಂಬಳ 3.60 ಲಕ್ಷ. ಮಿಕ್ಕ 6.24 ಲಕ್ಷದಲ್ಲಿ ತಲಾ 3.12 ಲಕ್ಷ. ದುಡ್ಡು ಹಾಕಿದವರ ಕೈಗೆ ಒಟ್ಟು 4.92 ಲಕ್ಷ, ದುಡಿದವರ ಕೈಗೆ 7.08 ಲಕ್ಷ. ಇದು ತೆರಿಗೆಗೆ ಮುಂಚಿನ ಲೆಕ್ಕ. ಉಳಿದ ಲಾಭದ ಮೇಲೆ ಸಂಸ್ಥೆ ಶೇ. 30 ಆದಾಯ ತೆರಿಗೆ ಮತ್ತು ಸೆಸ್ ಕಟ್ಟಬೇಕು. ಬಡ್ಡಿ, ಸಂಬಳ ಎರಡೂ ಪತ್ರದಲ್ಲಿ ನಮೂದಾಗಿದ್ದರೆ ಮಾತ್ರ ಆದಾಯ ತೆರಿಗೆಯಲ್ಲಿ ಖರ್ಚೆಂದು ಒಪ್ಪುತ್ತಾರೆ, ಬಡ್ಡಿಗೆ ಶೇ. 12ರ ಮಿತಿಯೂ ಇದೆ. 2025ರ ಏಪ್ರಿಲ್ 1ರಿಂದ, ಒಬ್ಬ ಪಾಲುದಾರರಿಗೆ ವರ್ಷಕ್ಕೆ ಕೊಡುವ ಬಡ್ಡಿ-ಸಂಬಳ 20,000 ರೂಪಾಯಿ ದಾಟಿದರೆ ಸಂಸ್ಥೆ ಶೇ. 10 ಟಿಡಿಎಸ್ (ಕೊಡುವಾಗಲೇ ಮುರಿದುಕೊಳ್ಳುವ ತೆರಿಗೆ) ಹಿಡಿಯಲೇಬೇಕು.

ಪತ್ರ ಬರೆಸುವ ಮೊದಲು ಇಬ್ಬರೂ ಬೇರೆಬೇರೆ ಕೂತು ಒಂದೊಂದು ಹಾಳೆಯಲ್ಲಿ ಉತ್ತರ ಬರೆಯಿರಿ. ಎಷ್ಟು ತಿಂಗಳು ಒಂದು ರೂಪಾಯಿಯೂ ತೆಗೆದುಕೊಳ್ಳದೆ ಮನೆ ನಡೆಸಬಲ್ಲಿರಿ? ನಷ್ಟವಾದರೆ ಇನ್ನೆಷ್ಟು ಹಾಕಬಲ್ಲಿರಿ? ಮನೆಯವರಿಗೆ ಇದೆಲ್ಲ ಗೊತ್ತಿದೆಯೇ? ಭಾಮೈದನಿಗೋ ಅಣ್ಣನ ಮಗನಿಗೋ ಕೆಲಸ ಕೊಡುವ ಯೋಚನೆ ಇದೆಯೇ? ಆಮೇಲೆ ಹಾಳೆ ಬದಲಾಯಿಸಿ ಓದಿ. ಮೂರನೆಯ ಪ್ರಶ್ನೆಯನ್ನು ಹಗುರವಾಗಿ ಬಿಡಬೇಡಿ. ಸಂಸ್ಥೆಯ ಸಾಲಕ್ಕೆ ಪ್ರತಿ ಪಾಲುದಾರರೂ ಪೂರ್ತಿ ಹೊಣೆ (ಪಾಲುದಾರಿಕೆ ಕಾಯ್ದೆಯ 25ನೇ ಸೆಕ್ಷನ್). ಗೆಳೆಯ ಹೋಟೆಲಿನ ಹೆಸರಲ್ಲಿ ಉದ್ರಿ ತಂದ ಅಕ್ಕಿ, ಎಣ್ಣೆಯ ಬಾಕಿಗೆ ನಿಮ್ಮ ಸ್ವಂತ ಮನೆಗೂ ಕುತ್ತು ಬರಬಹುದು. ಆ ಮನೆಯಲ್ಲಿರುವವರಿಗೆ ಇದು ಮೊದಲೇ ತಿಳಿದಿರಬೇಕು.

ಇಬ್ಬರೇ ಇರುವಲ್ಲಿ ಬಹುಮತವೆಂಬುದಿಲ್ಲ. ಹಾಗಾಗಿ ಕೆಲಸ ಹಂಚಿಕೊಳ್ಳಿ: ಅಡುಗೆಮನೆ, ಆಳುಗಳ ವಿಚಾರದಲ್ಲಿ ಒಬ್ಬರ ಮಾತೇ ಕೊನೆ, ಲೆಕ್ಕ, ಖರೀದಿ ಇನ್ನೊಬ್ಬರದ್ದು. 25,000 ದಾಟಿದ ಖರ್ಚು, ಸಾಲ, ಹೊಸ ಶಾಖೆಗೆ ಇಬ್ಬರ ಸಹಿಯೂ ಬೇಕು. ಒಮ್ಮತ ಬರದಿದ್ದರೆ ಏಳು ದಿನ ಬಿಟ್ಟು ಮತ್ತೆ ಕೂರುವುದು, ಆಗಲೂ ಆಗದಿದ್ದರೆ ಯಾರ ಮಾತು ಕೇಳುವುದು ಎಂಬುದನ್ನೂ ಹೆಸರು ಸಮೇತ ಬರೆಯಿರಿ.

ನಂತರ ಕಾಗದ-ಪತ್ರ. ಅಂಗಡಿ ಬಾಡಿಗೆ ಕರಾರು, ಟ್ರೇಡ್ ಲೈಸೆನ್ಸ್, ಆಹಾರ ಪರವಾನಗಿ, ಜಿಎಸ್‌ಟಿ ನೋಂದಣಿ, ಎಲ್ಲವೂ ಸಂಸ್ಥೆಯ ಹೆಸರಲ್ಲಿರಲಿ. ಗಲ್ಲಾದ ಮುಂದೆ ಅಂಟಿಸುವ ಯುಪಿಐ ಕ್ಯೂಆರ್ ಕೋಡನ್ನು ಮರೆಯಬೇಡಿ. ಅದು ಒಬ್ಬರ ಸ್ವಂತ ಖಾತೆಗೆ ಜೋಡಣೆಯಾಗಿದ್ದರೆ ದಿನದ ವ್ಯಾಪಾರವೆಲ್ಲ ಅವರ ಖಾತೆಗೆ ಹೋಗುತ್ತದೆ. ಇನ್ನೊಬ್ಬರು ಕೇಳಿದರೆ ಅನುಮಾನ, ಕೇಳದಿದ್ದರೆ ಒಳಗೊಳಗೇ ಕುದಿತ.

ಪತ್ರವನ್ನು ಛಾಪಾ ಕಾಗದದ ಮೇಲೆ ಬರೆಸಿ, ಸಂಸ್ಥೆಯನ್ನು ನೋಂದಾಯಿಸಿ. ಕರ್ನಾಟಕದಲ್ಲಿ ಈ ಕೆಲಸ ನೋಂದಣಿ ಮತ್ತು ಮುದ್ರಾಂಕ ಇಲಾಖೆಯದ್ದು. ನೋಂದಣಿ ಕಡ್ಡಾಯವಲ್ಲ ಎಂದು ಹಲವರು ಕೈಬಿಡುತ್ತಾರೆ. ಆದರೆ 69ನೇ ಸೆಕ್ಷನ್ ಪ್ರಕಾರ, ನೋಂದಣಿಯಾಗದ ಸಂಸ್ಥೆ ಬಾಕಿ ಉಳಿಸಿಕೊಂಡ ಗಿರಾಕಿಯ ಮೇಲೆ ಕರಾರಿನ ಆಧಾರದಲ್ಲಿ ದಾವೆ ಹೂಡುವಂತಿಲ್ಲ. ಪಾಲುದಾರರೂ ಒಬ್ಬರ ಮೇಲೊಬ್ಬರು ಪತ್ರದ ಹಕ್ಕು ಹಿಡಿದು ಕೋರ್ಟಿಗೆ ಹೋಗುವಂತಿಲ್ಲ. ಸಂಸ್ಥೆ ಮುಚ್ಚಿಸುವ, ಲೆಕ್ಕ ಕೇಳುವ ದಾವೆಯಷ್ಟೇ ಉಳಿಯುತ್ತದೆ.

ತಿಂಗಳಿಗೊಮ್ಮೆ, ಗೊತ್ತಾದ ದಿನ ಒಂದು ಗಂಟೆ ಕೂರಿ. ಬ್ಯಾಂಕ್ ಸ್ಟೇಟ್‌ಮೆಂಟ್, ಉದ್ರಿ ಪಟ್ಟಿ, ದಾಸ್ತಾನು, ಯಾರು ಎಷ್ಟು ತೆಗೆದುಕೊಂಡರು, ಇವು ನಾಲ್ಕೇ. ನೋಡಿ ಸಹಿ ಹಾಕಿ. ಉಳಿದಂತೆ ಮದುವೆ, ಹಬ್ಬದ ಊಟದಲ್ಲಿ ಲೆಕ್ಕದ ಮಾತು ಎತ್ತುವುದಿಲ್ಲವೆಂದು ಇಬ್ಬರೂ ಒಪ್ಪಿಕೊಳ್ಳಿ.

ಬಿಡುವ ದಾರಿಯನ್ನು ಸ್ನೇಹ ಚೆನ್ನಾಗಿರುವಾಗಲೇ ಬರೆಯಬೇಕು. 90 ದಿನದ ನೋಟಿಸ್, ಪಾತ್ರೆ, ಯಂತ್ರ, ಅಂಗಡಿ ಅಡ್ವಾನ್ಸ್, ಹೋಟೆಲಿನ ಹೆಸರು ಇವುಗಳ ಬೆಲೆ ಕಟ್ಟುವ ಬಗೆ, ಹಣವನ್ನು 12 ಕಂತಿನಲ್ಲಿ ತೀರಿಸುವ ಷರತ್ತು ಇರಲಿ. ಒಪ್ಪಂದದಲ್ಲಿ ಬೇರೆ ಮಾತಿಲ್ಲದಿದ್ದರೆ ಪಾಲುದಾರರೊಬ್ಬರ ಸಾವಿನೊಂದಿಗೆ ಸಂಸ್ಥೆಯೂ ಮುಗಿಯುತ್ತದೆ. ಇಬ್ಬರೇ ಇದ್ದಲ್ಲಿ ಉಳಿದ ಒಬ್ಬರು ಪಾಲುದಾರಿಕೆ ಅನ್ನಿಸಿಕೊಳ್ಳುವುದೂ ಇಲ್ಲ. ವಾರಸುದಾರರು ಬಂದು ಸೇರಬಹುದೇ, ಹಣ ಪಡೆದು ಹೋಗಬೇಕೇ ಎಂಬುದನ್ನು ಬರೆದಿಡಿ.

ಬಿಟ್ಟು ಹೋಗುವವರು ರಿಜಿಸ್ಟ್ರಾರ್ ಕಚೇರಿಗೆ ತಿಳಿಸಬೇಕು. ರಾಜ್ಯಪತ್ರದಲ್ಲೂ ಒಂದು ಕನ್ನಡ ಪತ್ರಿಕೆಯಲ್ಲೂ ಪ್ರಕಟಣೆ ಕೊಡಬೇಕು. ಇಲ್ಲವಾದರೆ ಹೋದ ಮೇಲೆ ಆದ ಸಾಲವೂ ತಲೆಗೆ ಸುತ್ತಿಕೊಳ್ಳಬಹುದು. ಬ್ಯಾಂಕ್ ಸಾಲಕ್ಕೆ ಜಾಮೀನು ಸಹಿ ಹಾಕಿದ್ದರೆ, ನಿಮ್ಮನ್ನು ಬಿಡುಗಡೆ ಮಾಡಿದ ಬ್ಯಾಂಕಿನ ಪತ್ರ ಕೈಗೆ ಬರುವವರೆಗೆ ಹೋಟೆಲಿನ ಕೀಲಿ ಹಿಂದಿರುಗಿಸಬೇಡಿ.