ಎಳನೀರಿನ ದುಡ್ಡು ಎಲ್ಲಿಗೆ ಹೋಯಿತು?

ನಾನು ಮಂಡ್ಯದಲ್ಲಿ ಅರ್ಥಶಾಸ್ತ್ರ ಪಾಠ ಮಾಡುವವನು. ಶ್ರೀರಂಗಪಟ್ಟಣಕ್ಕೆ ಇಷ್ಟೊಂದು ಜನ ಬರುತ್ತಾರಲ್ಲ, ಜಿಲ್ಲೆಗೆ ಉಳಿಯುವುದು ಎಷ್ಟು ಎಂದು ನೋಡೋಣ ಅನ್ನಿಸಿ, ಒಂದು ಭಾನುವಾರ ಬಿ.ಎ. ಹುಡುಗರನ್ನು ಕಟ್ಟಿಕೊಂಡು ಟಿಪ್ಪುವಿನ ಬೇಸಿಗೆ ಅರಮನೆ ದರಿಯಾ ದೌಲತ್ ಮುಂದೆ ನಿಂತೆ.

ಮೊದಲ ದಿನ ಪೂರಾ ದಂಡ. ಒಳಗೆ ಹೋಗುವವರನ್ನು ತಡೆದು, ‘ಇವತ್ತು ಎಷ್ಟು ಖರ್ಚು ಮಾಡ್ತೀರಿ?’ ಎಂದು ಕೇಳಿದೆವು. ಬೆಳಗ್ಗೆ ಹತ್ತಕ್ಕೆ ಯಾರಿಗೆ ಗೊತ್ತಿರುತ್ತದೆ? ಬಾಯಿಗೆ ಬಂದದ್ದು ಹೇಳಿದರು. ಮುಂದಿನ ವಾರ ಸಂಜೆ ಹೊತ್ತು ಸಂಗಮದ ಹತ್ತಿರ, ವಾಪಸ್ ಹೊರಟವರನ್ನು ಹಿಡಿದೆವು. ಒಟ್ಟು ಎಷ್ಟಾಯಿತು ಎಂದು ಕೇಳಲಿಲ್ಲ. ತಿಂಡಿಗೆಷ್ಟು, ಊಟಕ್ಕೆಷ್ಟು, ಪೆಟ್ರೋಲ್ ಎಲ್ಲಿ ಹಾಕಿಸಿದಿರಿ, ರಾತ್ರಿ ಎಲ್ಲಿ ಉಳಿಯುತ್ತೀರಿ ಎಂದು ಬಿಡಿಬಿಡಿಯಾಗಿ ಕೇಳಿದೆವು. ಒಬ್ಬರಂತೂ ಫೋನ್‌ಪೇ ತೆಗೆದು ತೋರಿಸಿಯೇ ಬಿಟ್ಟರು.

ತಲೆ ಎಣಿಕೆ ಎಂಥ ಮೋಸ ಎಂದು ಆಗ ಗೊತ್ತಾಯಿತು. ನಾಲ್ಕು ಜನರ ಒಂದೇ ಕುಟುಂಬ ದರಿಯಾ ದೌಲತ್, ಗುಂಬಜ್, ನಿಮಿಷಾಂಬ ದೇವಸ್ಥಾನ ಮೂರೂ ಕಡೆ ಲೆಕ್ಕಕ್ಕೆ ಸಿಕ್ಕಿ ಹನ್ನೆರಡಾಗುತ್ತದೆ. ಮಂಡ್ಯದಿಂದಲೇ ಹರಕೆಗೆ ಬಂದವರನ್ನು ಬೇರೆ ಬರೆದುಕೊಂಡೆವು. ಅವರ ದುಡ್ಡು ಜಿಲ್ಲೆಗೆ ಹೊಸದಲ್ಲ, ಇಲ್ಲಿ ಖರ್ಚಾಗದಿದ್ದರೆ ಮಂಡ್ಯ ಪೇಟೆಯಲ್ಲಿ ಆಗುತ್ತಿತ್ತು. ಬೆಂಗಳೂರಿನವರ ಕಥೆಯೇ ಬೇರೆ. 2023ರಲ್ಲಿ ಬೆಂಗಳೂರು-ಮೈಸೂರು ದಶಪಥ ಹೆದ್ದಾರಿ ಉದ್ಘಾಟನೆಯಾದ ಮೇಲೆ ಬೆಳಗ್ಗೆ ಬಂದು ರಾತ್ರಿ ಮನೆ ಸೇರುವುದು ಸಲೀಸು. ಉಳಿಯುವವರೂ ಮೈಸೂರಲ್ಲಿ ಉಳಿಯುತ್ತಾರೆ. ಬೈಪಾಸ್ ಹಿಡಿದವರು ಮದ್ದೂರು ವಡೆಯನ್ನೂ ಮರೆತಿದ್ದರು!

ಸುಮ್ನೆ ಖರ್ಚು ಕೂಡಿಸಿದರೂ ಸಾಲದು. ಎಳನೀರು 50 ರೂಪಾಯಿ. ಅದರಲ್ಲಿ 30 ಮದ್ದೂರು ಕಡೆಯ ತೋಟದವರಿಗೆ, 5 ಸಾಗಣೆಗೆ, ಉಳಿದದ್ದು ತನಗೆ ಎಂದು ಮಾರುವವನು ಬೆರಳು ಮಡಚಿ ಲೆಕ್ಕ ಕೊಟ್ಟ. ಹೆಚ್ಚುಕಮ್ಮಿ ಎಲ್ಲವೂ ಜಿಲ್ಲೆಯೊಳಗೇ. ಪಕ್ಕದ ಅಂಗಡಿಯಲ್ಲಿ 100 ರೂಪಾಯಿಯ ಪ್ಲಾಸ್ಟಿಕ್ ಕತ್ತಿ. ಮಾಲು ಬೆಂಗಳೂರಿನಿಂದ ಬರುತ್ತದೆ, ತಯಾರಾಗುವುದು ಇನ್ನೆಲ್ಲೋ. ಅಂಗಡಿಯ ಅಜ್ಜಿ ನಕ್ಕು, ‘ಸಾ, ನಮಗ್ ಉಳಿಯೋದು ಆ ಕವರ್ರೇಯ’ ಅಂದರು. ನಾವು ತರಗತಿಯಲ್ಲಿ ಸೋರಿಕೆ ಎಂದು ಹೇಳಿಕೊಡುವುದು ಇದನ್ನೇ. ಆ ಕತ್ತಿಯಲ್ಲಿ ಅಜ್ಜಿಯ ಲಾಭವನ್ನು ಮಾತ್ರ ಲೆಕ್ಕಕ್ಕೆ ತೆಗೆದುಕೊಂಡೆವು. ತೋಟದವನು ಆ 30 ರೂಪಾಯಿಯನ್ನು ಮತ್ತೆ ಇಲ್ಲೇ ಗೊಬ್ಬರದಂಗಡಿಯಲ್ಲೋ ಸಂತೆಯಲ್ಲೋ ಕೊಟ್ಟರೆ ಅದು ಎರಡನೇ ಸುತ್ತು. ಅಲ್ಲಿಯವರೆಗೆ ಹೋಗಲು ನಮಗೆ ಕೈಲಾಗಲಿಲ್ಲ.

ಇಡೀ ದೇಶಕ್ಕೆ ಇಂಥ ಲೆಕ್ಕ ಹಾಕುವುದಕ್ಕೆ ‘ಪ್ರವಾಸೋದ್ಯಮ ಉಪಗ್ರಹ ಲೆಕ್ಕ’ ಎನ್ನುತ್ತಾರೆ. ಹೆಸರು ಕೇಳಿ ಹುಡುಗರು ಇಸ್ರೋ ವಿಷಯ ಅಂದುಕೊಂಡರು. ಹೋಟೆಲ್, ಬಸ್ಸು, ಅಂಗಡಿ, ಹೀಗೆ ಒಂದೊಂದರ ವ್ಯಾಪಾರದಲ್ಲೂ ಪ್ರವಾಸಿಗರ ಪಾಲನ್ನು ಬೇರೆ ಮಾಡುವ ಕೆಲಸ ಅದು. ಹೋಟೆಲಿನಲ್ಲಿ ದೋಸೆ ತಿನ್ನುವವರೆಲ್ಲ ಪ್ರವಾಸಿಗರಲ್ಲ, ಅಲ್ವಾ? ಭಾರತದ ಮೊದಲ ಲೆಕ್ಕ 2002-03ರದ್ದು.

ಭಾನುವಾರದ ಅಂಕಿಯನ್ನೇ ವರ್ಷಕ್ಕೆ ಗುಣಿಸಿಬಿಡೋಣ ಎಂದ ಒಬ್ಬ ಹುಡುಗ. ಬೇಡ ಎಂದು ಜೂನ್ ತಿಂಗಳ ಒಂದು ಮಂಗಳವಾರ ಅವನನ್ನೇ ಕರೆದುಕೊಂಡು ಹೋದೆ. ಎಳನೀರಿನವನು ಗಾಡಿಯ ನೆರಳಲ್ಲಿ ಗೋಣಿಚೀಲ ಹಾಸಿ ಮಲಗಿದ್ದ.