ಡೇವಿಡ್‌ನ ಎಲೆಯ ಫೋಟೋ ತೆಗೆಯುವುದು ಹೇಗೆ

ಲಂಡನ್ನಿನ ವಿಕ್ಟೋರಿಯಾ ಅಂಡ್ ಆಲ್ಬರ್ಟ್ ಮ್ಯೂಸಿಯಂಗೆ ಹೋದರೆ ಇಟಲಿಯ ಶಿಲ್ಪಿ ಮೈಕೆಲ್ಯಾಂಜೆಲೊ ಕೆತ್ತಿದ ಬೆತ್ತಲೆ ಡೇವಿಡ್ ಮೂರ್ತಿಯ ಪ್ಲಾಸ್ಟರ್ ಪ್ರತಿಯನ್ನು ನೋಡದೆ ಬರಬೇಡಿ. ಎತ್ತರ ಐದು ಮೀಟರಿಗೂ ಹೆಚ್ಚು. ಬುಡದಲ್ಲೇ ನಿಂತು ಮೊಬೈಲ್ ಎತ್ತಿದರೆ ಕಾಲು ದಪ್ಪ, ತಲೆ ಪುಟ್ಟದು. ಆದಷ್ಟು ಹಿಂದೆ ಸರಿದು 70-85 ಎಂಎಂ ಲೆನ್ಸ್ ಬಳಸಿ. ಫ್ಲಾಶ್ ಬೇಡ, ಮೈಯ ಏರಿಳಿತವೆಲ್ಲ ಅದರಿಂದ ಚಪ್ಪಟೆಯಾಗುತ್ತದೆ. ಎದೆಯ ಮೇಲೆ ಸ್ಪಾಟ್ ಮೀಟರಿಂಗ್ ಮಾಡಿ, ಅಂದರೆ ಅಲ್ಲಿನ ಬೆಳಕನ್ನಷ್ಟೇ ಅಳೆದು, ಎಕ್ಸ್‌ಪೋಶರನ್ನು ಅರ್ಧ ಸ್ಟಾಪ್ ಏರಿಸಿ.

ಆಮೇಲೆ ಪೀಠದ ಹಿಂದಕ್ಕೆ ಹೋಗಿ. ನನಗೆ ಮೂರ್ತಿಗಿಂತ ಇಷ್ಟವಾದದ್ದು ಅಲ್ಲಿದೆ: ಗಾಜಿನ ಪೆಟ್ಟಿಗೆಯಲ್ಲಿ ಪ್ಲಾಸ್ಟರ್ ಅಂಜೂರದ ಎಲೆ. 1857ರಲ್ಲಿ ಟಸ್ಕನಿಯ ಗ್ರ್ಯಾಂಡ್ ಡ್ಯೂಕ್ ಈ ಪ್ರತಿಯನ್ನು ವಿಕ್ಟೋರಿಯಾ ರಾಣಿಗೆ ಕಳಿಸಿದ. ಬೆತ್ತಲೆ ಮೈ ಕಂಡು ರಾಣಿ ಗಾಬರಿಯಾದಳೆಂದು ಹೇಳುತ್ತಾರೆ. ರಾಜಮನೆತನದವರು ಬಂದಾಗ ಮಾನ ಮುಚ್ಚಲು ಮೂರ್ತಿಯ ಮೇಲಿನ ಎರಡು ಕೊಕ್ಕೆಗೆ ಎಲೆಯನ್ನು ತೂಗುಹಾಕುತ್ತಿದ್ದರು. ಗೊಮ್ಮಟನಿಗೆ ಕೈಮುಗಿದು ಬೆಳೆದ ನನಗೆ ಈ ಮುಜುಗರ ಅರ್ಥವಾಗಲು ಹೊತ್ತು ಹಿಡಿಯಿತು.

ಗಾಜಿನ ಪ್ರತಿಫಲನ ತಪ್ಪಿಸಲು ಕಪ್ಪು ಅಂಗಿ ತೊಟ್ಟು ಹೋಗಿ, ಲೆನ್ಸನ್ನು ಗಾಜಿನ ಹತ್ತಿರ ತಂದು ತುಸು ಓರೆಯಾಗಿ ಹಿಡಿಯಿರಿ. ಎಲೆಯ ನರಗಳು ಕಾಣಬೇಕು, ಅಷ್ಟು ಮುತುವರ್ಜಿಯಿಂದ ಮಾಡಿದ್ದಾರೆ.

ವ್ಯಾಟಿಕನ್ ಮ್ಯೂಸಿಯಂನಲ್ಲಾದರೆ ಎಷ್ಟೋ ಶಿಲ್ಪಗಳ ಮೇಲೆ ಎಲೆ ಇನ್ನೂ ಇದೆ. ಅಲ್ಲಿ ಪಕ್ಕದಿಂದ ಬೆಳಕು ಬೀಳುವ ಕಡೆ ನಿಂತು ಎಲೆ ಮೂರ್ತಿಗೆ ಸೇರುವ ಜಾಗವನ್ನೇ ಫೋಕಸ್ ಮಾಡಿ. ಕೆಲವೆಡೆ ಅಮೃತಶಿಲೆಯ ಬಣ್ಣಕ್ಕೂ ಎಲೆಯ ಬಣ್ಣಕ್ಕೂ ವ್ಯತ್ಯಾಸ ಎದ್ದು ಕಾಣುತ್ತದೆ. ಅಲ್ಲಿನ ಪ್ರಾರ್ಥನಾ ಮಂದಿರವಾದ ಸಿಸ್ಟೈನ್ ಚಾಪೆಲ್‌ನಲ್ಲಿ ಮಾತ್ರ ಕ್ಯಾಮೆರಾ ಒಳಗಿಡಿ, ಅಲ್ಲಿ ಫೋಟೋ ನಿಷಿದ್ಧ. 1565ರಲ್ಲಿ ಚಿತ್ರಕಾರ ಡಾನಿಯೆಲೆ ದ ವೊಲ್ಟೆರ್ರಾ ಅಲ್ಲಿನ ಗೋಡೆಯ ಮೇಲೆ ಮೈಕೆಲ್ಯಾಂಜೆಲೊ ಬರೆದ ‘ಅಂತಿಮ ತೀರ್ಪು’ ಚಿತ್ರದ ಬೆತ್ತಲೆ ಮೈಗಳಿಗೆ ಹಚ್ಚಿದ ಬಟ್ಟೆಗಳನ್ನು ಕಣ್ಣಲ್ಲೇ ಹುಡುಕಿ.